ಕವರ್ ಹೊದ್ದ ಸ್ವಿಚ್

ನಮ್ಮ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ವಸ್ತುವೆಂದರೆ ಗ್ಯಾಸ್ ಒಲೆ ಒಂದೇ. ಫ್ರಿಜ್ಜಿನ ತಲೆಗೆ, ಮಿಕ್ಸಿಗೆ, ಟೀವಿಗೆ, ಹೊಲಿಗೆ ಯಂತ್ರಕ್ಕೆ, ಎಲ್ಲಕ್ಕೂ ನಾನೇ ಹೆಣೆದ ಕ್ರೋಶಾ ಕವರು. ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಇದೇನೂ ವಿಶೇಷವಲ್ಲ. ಎದುರು ಮನೆಯವರು ಸ್ಕೂಟರಿನ ಸ್ಟೆಪ್ನಿಗೂ ಹೂವಿನ ಕವರ್ ತೊಡಿಸಿದ್ದಾರೆ. ಹೊಸ ವಸ್ತುವಿಗೆ ಒಂದು ಹೊದಿಕೆ ಆಗುವ ತನಕ ಅದು ನಮ್ಮದು ಎಂದು ನನಗೆ ಅನಿಸುವುದೇ ಇಲ್ಲ. ನಾನು ಪಾಠ ಹೇಳುವ ಕಾಲೇಜಿಗೆ ನೆಟ್‌ವರ್ಕ್ ಸ್ವಿಚ್ ಬರುವವರೆಗೆ ಈ ಅಭ್ಯಾಸದಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಸ್ವಿಚ್ ಎಂದರೆ ಗೋಡೆಯ ಮೇಲೆ ಒತ್ತುವುದಲ್ಲ. ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ, ಸಾಲಾಗಿ ತೂತುಗಳಿರುವ ಡಬ್ಬಿ. ಅದನ್ನು ಆರಿಸುವ ಕೆಲಸ ಇತಿಹಾಸದ ಮೇಡಂ ಆದ ನನಗೆ ಯಾಕೆ ಬಂತೆಂದರೆ, ಸ್ಟಾಫ್ ರೂಮಿನ ವಾಟರ್ ಫಿಲ್ಟರ್ ಆರಿಸಿದ್ದು ನಾನು, ಅದು ಇನ್ನೂ ಕೆಟ್ಟಿರಲಿಲ್ಲ. "ನಿಮ್ಮ ಕೈಗುಣ ಚೆನ್ನಾಗಿದೆ," ಎಂದರು ಪ್ರಿನ್ಸಿಪಾಲರು. ಜೊತೆಗೆ ಭೌತಶಾಸ್ತ್ರದ ನಾಗರಾಜ್ ಸಾರ್ ಅವರನ್ನೂ ಹಾಕಿದರು. ಅವರಿಗೆ ವಿಷಯ ಗೊತ್ತಿತ್ತು. ನನಗೆ ಹಟ ಗೊತ್ತಿತ್ತು.

ಮೈದಾನದ ಆಚೆಯ ಲ್ಯಾಬಿಗೂ ಈಚೆಯ ಲೈಬ್ರರಿಗೂ ದೂರ ಹೆಚ್ಚು, ಮಾಮೂಲಿ ವೈರ್ ಸಾಲದು, ಫೈಬರ್ ಬೇಕು ಎನ್ನುವಲ್ಲಿ ಇಬ್ಬರಿಗೂ ಜಗಳವಿರಲಿಲ್ಲ. ಜಗಳ ಬಂದದ್ದು ಮ್ಯಾನೇಜ್ಡೋ ಅನ್‌ಮ್ಯಾನೇಜ್ಡೋ ಎಂಬಲ್ಲಿ. ಸ್ವಿಚ್ ಮಾರುವ ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಪ್ರವೀಣ್ ಗದಗದ ಕಡೆಯವರು, ಬೆಂಗಳೂರಿಗೆ ಹೊಸಬರು. ಅವರು ಬಿಡಿಸಿ ಹೇಳಿದರು: "ಅನ್‌ಮ್ಯಾನೇಜ್ಡ್ ತಗೊಂಡ್ರ ಕೆಟ್ಟರೂ ಸುಮ್ಮನ ಕುಂತಿರತೈತ್ರಿ ಮೇಡಂ. ಮ್ಯಾನೇಜ್ಡ್ ಆದ್ರ ಏನಾತು, ಎಲ್ಲಾತು, ಯಾವಾಗಾತು, ಎಲ್ಲಾ ತಾನ ಹೇಳತೈತ್ರಿ."

ಮೊದಲನೆಯ ನಮೂನೆಯದನ್ನು ಮದುವೆಯಾಗಿ ಅನುಭವವಿದ್ದ ನಾನು ತಕ್ಷಣ ಎರಡನೆಯದಕ್ಕೆ ಕೈ ಎತ್ತಿದೆ. ನಮ್ಮ ಯಜಮಾನರು ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ಉಂಡು ಏಳುವವರು.

"ಅಷ್ಟೆಲ್ಲಾ ಯಾಕೆ ಮೇಡಂ? ನಮ್ಮ ಕಾಲೇಜಿಗೆ ಸಾದಾದೇ ಸಾಕು," ಎಂದರು ನಾಗರಾಜ್ ಸಾರ್.

"ಇದೇ ಇರ್ಲಿ ಸಾರ್. ಏನಾದ್ರೂ ಆದ್ರೆ ನನ್ನನ್ನ ಕೇಳಿ," ಎಂದುಬಿಟ್ಟೆ, ಪ್ರಿನ್ಸಿಪಾಲರ ಎದುರಿಗೇ.

ಅಲ್ಲಿಂದ ನನಗೆ ಅದರದೇ ಚಿಂತೆ. ಹೊಸ ಲ್ಯಾಬನ್ನು ಉದ್ಘಾಟಿಸಲು ಆಡಳಿತ ಮಂಡಳಿಯ ಅಧ್ಯಕ್ಷರು ಬರುವವರಿದ್ದರು. ಅವರೆದುರು ಸ್ವಿಚ್ ಕೈಕೊಟ್ಟರೆ ನನ್ನ ಕೈಗುಣದ ಜೊತೆ ಮಾನವೂ ಹೋಗುತ್ತಿತ್ತು. ಲೈಬ್ರರಿಯ ಮೂಲೆಯಲ್ಲಿ ಅದನ್ನು ಕೂರಿಸಿದರು. ಹಸಿರು ದೀಪಗಳು ಮಿಣುಮಿಣುಗುಟ್ಟುವುದನ್ನು ನೋಡುವುದೇ ಒಂದು ಸಂತೋಷ. ಆದರೆ ಹೊರಗೆ ರಸ್ತೆ ಅಗೆಯುತ್ತಿದ್ದರು, ಕಿಟಕಿಯಿಂದ ಧೂಳೋ ಧೂಳು. ಇಷ್ಟು ಜೋಪಾನದ ವಸ್ತು ಬರಿಮೈಯಲ್ಲಿ ಧೂಳು ಕುಡಿಯುವುದೇ? ಮರುದಿನ ಬೆಳಿಗ್ಗೆಯೇ ಹಳೆಯ ಟೀವಿಯ ನವಿಲಿನ ಕವರನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಯಜಮಾನರು ಪೇಪರಿನ ಮೇಲಿಂದ ನೋಡಿದರು, ಏನೂ ಹೇಳಲಿಲ್ಲ. ಅಂಚುಗಳನ್ನು ಒಳಗೆ ಮಡಚಿ ಹೊದಿಸಿದರೆ ಕವರ್ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಹಿಂದೆ ಮುಂದೆ ಎಳೆದು ಸರಿಮಾಡಿ, ಗಾಳಿಯಾಡುವ ಕಿಂಡಿಗಳೂ ಕಾಣದ ಹಾಗೆ ಅಚ್ಚುಕಟ್ಟಾಗಿ ಮುಚ್ಚಿದೆ.

ಉದ್ಘಾಟನೆಯ ದಿನ ಅಧ್ಯಕ್ಷರ ಕಾರು ಹತ್ತಿರ ಬಂತೆಂದು ಫೋನ್ ಬಂದ ಹೊತ್ತಿಗೇ ಲ್ಯಾಬಿನ ಕಂಪ್ಯೂಟರುಗಳೆಲ್ಲ ಸಂಪರ್ಕ ಕಳೆದುಕೊಂಡವು. ಪ್ರವೀಣ್ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತು, ಸ್ವಿಚ್ ಕಳಿಸಿದ್ದ ಸಂದೇಶಗಳನ್ನು ತೆರೆದರು. ಬೆನ್ನ ಹಿಂದೆ ನಾನು, ನಾಗರಾಜ್ ಸಾರ್, ಪ್ರಿನ್ಸಿಪಾಲರು.

"ಬಿಸಿ ಆಗೇತಿ, ಬಿಸಿ ಆಗೇತಿ ಅಂತ ಹೇಳ್ಕೋತನ ಐತ್ರಿ ಪಾಪ, ಕೂರಿಸಿದ ಮರುದಿನ ಮುಂಜಾನಿಂದ. ಅವತ್ತು ಯಾರರ ಇದರ ಮ್ಯಾಲ ಏನರ ಹಾಕೀರೇನ್ರಿ?"

ಮೂವರೂ ಮೂಲೆಗೆ ತಿರುಗಿದೆವು. ನವಿಲು ಗರಿಬಿಚ್ಚಿ ನಿಂತಿತ್ತು.

ನಾಗರಾಜ್ ಸಾರ್ ಹೋಗಿ ಕವರ್ ತೆಗೆದು, ಮಡಚಿ, ತಮ್ಮ ಬ್ಯಾಗಿಗೆ ಹಾಕಿಕೊಂಡರು. "ನಮ್ಮನೆ ಟೀವಿಗೆ ಆಗತ್ತೆ ಬಿಡಿ ಮೇಡಂ," ಎಂದರು. ಟೇಬಲ್ ಫ್ಯಾನ್ ತಂದು ಎದುರಿಗಿಟ್ಟೆವು. ಅಧ್ಯಕ್ಷರು ಕಾಫಿ ಕುಡಿದು ರಿಬ್ಬನ್ ಕತ್ತರಿಸುವಷ್ಟರಲ್ಲಿ ಹಸಿರು ದೀಪಗಳು ಮತ್ತೆ ಬಂದವು. ಭಾಷಣದಲ್ಲಿ ಪ್ರಿನ್ಸಿಪಾಲರು ಸ್ವಿಚ್ಚಿನ ಆಯ್ಕೆಯನ್ನು ಹೊಗಳಿದರು. ಹೊಗಳಿಕೆ ಸುಳ್ಳೇನಲ್ಲ, ತಪ್ಪು ಎಲ್ಲಿದೆಯೆಂದು ಸ್ವಿಚ್ಚು ಪ್ರವೀಣ್ ಹೇಳಿದ್ದ ಹಾಗೆ ತಾನೇ ಹೇಳಿತ್ತು.

ಸಂಜೆ ಮನೆಗೆ ಬಂದು ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಪೇಪರ್ ಇಳಿಸಿ ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಬೋಳು ನಿಂತ ಹಳೆಯ ಟೀವಿಯನ್ನು ನೋಡಿದರು, ಮತ್ತೆ ಪೇಪರ್ ಎತ್ತಿಕೊಂಡರು. ಕಾಲೇಜಿಗೆ ಯಾವುದಾದರೂ ಇರಲಿ, ಮನೆಗೆ ಅನ್‌ಮ್ಯಾನೇಜ್ಡೇ ಒಳ್ಳೆಯದು ಎಂದುಕೊಂಡು ನಾನು ಸಾರಿಗೆ ಉಪ್ಪು ಹಾಕಲು ಎದ್ದೆ.