ರಿನೌನ್ಸ್ ಎಂಬ ಕ್ರಿಯಾಪದದವರಿಗೆ, ಅಣ್ಣ ಕೈಬಿಟ್ಟ ತಮ್ಮನ ದೂರು

ಮಹಾಜನಗಳೇ! ಕುರ್ಚಿ ಸಿಕ್ಕವರೇ, ಸಿಗದೆ ಗೋಡೆಗೆ ಒರಗಿದವರೇ, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ಅನುಮಾನಿಸುತ್ತಿರುವವರೇ, ಎಲ್ಲರಿಗೂ ನಮಸ್ಕಾರ! ಈ ಪತ್ರ ನಿಮಗಲ್ಲ. ಆದರೆ ಎದುರಿಗೆ ನಾಲ್ಕು ಜನ ಇಲ್ಲದಿದ್ದರೆ ನನಗೆ ಕೆಮ್ಮಲೂ ಬಾರದು, ಆದ್ದರಿಂದ ಸುತ್ತ ಕೂತು ಕೇಳಬೇಕೆಂದು ಪ್ರಾರ್ಥನೆ. ಪತ್ರ ಸೇರಬೇಕಾದವರು ಇಂಗ್ಲಿಷ್ ನಿಘಂಟಿನ ಆರ್ ಅಕ್ಷರದ ಓಣಿಯಲ್ಲಿ ವಾಸವಾಗಿದ್ದಾರೆ.

ಮಾನ್ಯ ರಿನೌನ್ಸ್ ಅವರೇ,

ಸಂಬಂಧ ಕಡಿಯುವುದರಲ್ಲಿ ಶತಮಾನಗಳಿಂದ ಕೈ ಪಳಗಿದವರೇ, ಸಿಂಹಾಸನವಾಗಲಿ, ಪೌರತ್ವವಾಗಲಿ, ಆಸ್ತಿಯ ಹಕ್ಕಾಗಲಿ, ಏನನ್ನೇ ಬಿಡುವುದಿದ್ದರೂ ದೊಡ್ಡ ಮನುಷ್ಯರು ಮೊದಲು ತಮಗೇ ಹೇಳಿಕಳುಹಿಸುವಂಥ ಘನತೆಯುಳ್ಳವರೇ, ಈ ಬಡ ನಟ ನಡು ಬಗ್ಗಿಸಿ ಮಾಡುವ ವಂದನೆಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ. ಕಾರಣ, ಕ್ಷಮಿಸಬೇಕು, ತಾವೇ.

ಹೋದ ವಾರ ನಮ್ಮ ನಾಟಕ ಮಂಡಳಿಯ ಬಣ್ಣದ ಕೋಣೆಯಲ್ಲಿ, ನಾನು ನನ್ನ ಕಿರೀಟ ನೇತುಹಾಕುವ ಮೊಳೆಗೆ ಒಂದು ಕಾಗದ ಚುಚ್ಚಲಾಗಿತ್ತು. ಇಂಗ್ಲಿಷಿನಲ್ಲಿ ಒಂದೇ ವಾಕ್ಯ. ಕೆಳಗೆ ಸಹಿ ಮಾಡಿರುವ ನಾನು ನನ್ನ ತಮ್ಮನೊಂದಿಗಿನ ಸಕಲ ಸಂಬಂಧಗಳನ್ನೂ ಈ ಮೂಲಕ ಬಿಟ್ಟಿದ್ದೇನೆ ಎಂಬರ್ಥದ ಆ ವಾಕ್ಯದ ನಟ್ಟನಡುವೆ ತಾವು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಿರಿ. ಸಹಿ ನನ್ನ ಅಣ್ಣನದು. ಅಂದಿನಿಂದ ಅವನು ನನ್ನೊಡನೆ ಮಾತಾಡಿಲ್ಲ, ಮಂಡಳಿಯ ಪರದೆ ಎದ್ದಿಲ್ಲ.

ಅಣ್ಣ ಯಾರೆಂಬುದನ್ನು ತಾವು ತಿಳಿಯಬೇಕು. ಅವನು ಪ್ರಾಂಪ್ಟರ್, ಅಂದರೆ ಪಕ್ಕದ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮುಂದಿನ ಮಾತು ಪಿಸುಗುಡುವವನು. ಅವನಿಗೆ ಮಾತಿದೆ, ಧ್ವನಿಯಿಲ್ಲ. ನನಗೆ ಧ್ವನಿಯಿದೆ, ಮಾತು ನೆನಪಿರುವುದಿಲ್ಲ. ಇಬ್ಬರನ್ನೂ ಕೂಡಿಸಿದರೆ ಒಬ್ಬ ರಾಜ ತಯಾರು! ನಾನು ಹುಟ್ಟಿದಾರಭ್ಯ ಒಂದು ಸಾಲನ್ನೂ ಬಾಯಿಪಾಠ ಮಾಡಿದವನಲ್ಲ. ಅವನ ಪಿಸುಮಾತು ನನ್ನ ಕಿವಿಗೆ ಬಿದ್ದರೆ ಸಾಕು, ನಡುವೆ ಮಿದುಳೆಂಬ ಮೂರನೆಯವರ ಕಾಟವಿಲ್ಲದೆ ನೇರವಾಗಿ ಬಾಯಿಂದ ಗುಡುಗಾಗಿ ಹೊರಬರುತ್ತದೆ. ಈ ಪದ್ಧತಿಯೇ ನಮ್ಮಿಬ್ಬರ ಅನ್ನ, ಈ ಪದ್ಧತಿಯೇ ನಮಗೆ ಮುಳುವಾಯಿತು.

ಇತರರ ನಾಟಕ ಪಿಸುಗುಟ್ಟಿ ಪಿಸುಗುಟ್ಟಿ ತಲೆ ನರೆತ ಮೇಲೆ ಅಣ್ಣ ತಾನೇ ಒಂದು ನಾಟಕ ಬರೆದಿದ್ದ. ಘೋರ ದುರಂತ. ಕೊನೆಯ ಅಂಕದಲ್ಲಿ ರಾಜ ಎದೆಗೆ ಬಾಣ ನೆಟ್ಟು ಸಾಯುತ್ತ ರಾಜ್ಯಕ್ಕೆ ಬುದ್ಧಿ ಹೇಳುತ್ತಾನೆ. ಮೊದಲ ಪ್ರದರ್ಶನದ ದಿನ ನಾನು ಆ ಸಾವನ್ನು, ಕಲಾವಿದನ ಸಹಜ ಧರ್ಮದಂತೆ, ಸ್ವಲ್ಪ ಎಳೆದೆ. ಹಿಂದಿನ ಸಾಲಿನವರು ಚಪ್ಪಲಿ ಹುಡುಕತೊಡಗಿದರು. ಅದನ್ನು ಕಂಡ ಅಣ್ಣ ಕಂಗಾಲಾಗಿ ಪರದೆಯ ಮರೆಯಿಂದ ಪಿಸುಗುಟ್ಟಿದ: "ಸಾಕು ನಿಲ್ಸೋ! ಜನ ಎದ್ದು ಹೋಗ್ತಿದ್ದಾರೆ!"

ಮಾನ್ಯರೇ, ನಾನೇನು ಮಾಡಲಿ? ಅಭ್ಯಾಸಬಲ. ಸಾಯುತ್ತಿದ್ದ ರಾಜ ಮೊಣಕೈ ಊರಿ ಎದ್ದು, ದಿಕ್ಕು ದಿಕ್ಕಿಗೂ ಕೇಳುವಂತೆ, "ಸಾಕು ನಿಲ್ಲಿಸೋ! ಜನ ಎದ್ದು ಹೋಗುತ್ತಿದ್ದಾರೆ!" ಎಂದು ಘರ್ಜಿಸಿದ. ಚಪ್ಪಲಿ ಮೆಟ್ಟಿದವರು ನಿಂತರು. ಪರದೆಯ ಹಿಂದಿನಿಂದ ಮತ್ತೆ ಬಂತು: "ಅಯ್ಯೋ ಕತ್ತೆ, ಅದು ನಾಟಕದ ಮಾತಲ್ವೋ!" ನಾನು ಮಂತ್ರಿಯ ಕಡೆ ಕೈ ಚಾಚಿ ಅದನ್ನೂ ಘರ್ಜಿಸಿದೆ. ಸಮಯಸ್ಫೂರ್ತಿಯುಳ್ಳ ನಮ್ಮ ಮಂತ್ರಿ ತಲೆಬಾಗಿ, "ಅಪ್ಪಣೆ, ಪ್ರಭು!" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಹೊರಟವರು ಓಡಿಬಂದು ಕೂತರು. ಮರುದಿನ ಔಷಧಿ ಅಂಗಡಿಯವನು ಅಣ್ಣನನ್ನು ರಸ್ತೆಯಲ್ಲೇ ನಿಲ್ಲಿಸಿ, "ಏನ್ ಸಾರ್, ಕಾಮಿಡಿ ಅಂದ್ರೆ ಹಿಂಗಿರ್ಬೇಕು, ಇನ್ನೊಂದು ಬರೀರಿ!" ಎಂದು ಕೈಕುಲುಕಿದನಂತೆ. ದುರಂತ ಬರೆದವನ ಕೈಯನ್ನು! ಅಣ್ಣ ನೇರವಾಗಿ ಮನೆಗೆ ಹೋಗಿ, ಮಾನ್ಯ ರಿನೌನ್ಸ್ ಅವರೇ, ತಮ್ಮನ್ನು ಕರೆಸಿದ.

ತಮ್ಮ ಪೂರ್ವೋತ್ತರ ವಿಚಾರಿಸೋಣವೆಂದು ನಾನು ಲೈಬ್ರರಿಗೆ ಹೋದೆ. ಅಲ್ಲಿನ ಮೇಡಂ ಮುಂದೆ ನಿಂತು ನನ್ನ ಸಹಜ ಧ್ವನಿಯಲ್ಲಿ ತಮ್ಮ ಹೆಸರು ಹೇಳಿದಾಗ ಓದುತ್ತಿದ್ದವರೆಲ್ಲ ಪೇಪರು ಕೆಳಗಿಟ್ಟರು. "ಸ್ವಾಮಿ, ನನಗೆ ಕಿವಿ ಕೇಳ್ಸುತ್ತೆ. ಇವರಿಗೆಲ್ಲ ಇನ್ಮೇಲೆ ಕೇಳ್ಸೋದು ಅನುಮಾನ," ಎಂದು ಗದರಿಸಿದ ಆ ತಾಯಿ ದಪ್ಪ ನಿಘಂಟು ತೆರೆದು ತಮ್ಮ ವಂಶಾವಳಿ ಓದಿದರು. ಎಂಥ ಮನೆತನ! ತಾವು ಲ್ಯಾಟಿನ್ನಿನಲ್ಲಿ ಹುಟ್ಟಿ, ಫ್ರೆಂಚರ ಮನೆಯಲ್ಲಿ ಬೆಳೆದು, ಇಂಗ್ಲಿಷಿಗೆ ಬಂದವರು. ತಮ್ಮ ಮೂಲದಲ್ಲಿರುವವನು ಒಬ್ಬ ದೂತ, ಸುದ್ದಿ ಒಯ್ಯುವವನು, ಹೋಗಿ ಬಂದು ವರದಿ ಒಪ್ಪಿಸುವವನು. ಹಳೆಯ ರೋಮಿನಲ್ಲಿ ಚುನಾವಣೆಯಲ್ಲಿ ಗೆದ್ದವರ ಹೆಸರನ್ನು ಸಾರುವ ಕೆಲಸವೂ ತಮ್ಮದೇ ಆಗಿತ್ತಂತೆ. ಸ್ನೇಹ ಮುರಿಯುವವನು ಹಾಗೆಂದು ತಿಳಿಯಪಡಿಸಬೇಕಾದಾಗಲೂ ತಾವೇ ಬೇಕಾಯಿತಂತೆ, ಬರುಬರುತ್ತ ಮುರಿಯುವ ಕೆಲಸವೇ ಉಳಿದು ಸಾರುವ ಕೆಲಸ ಮರೆತೇಹೋಯಿತು. ಮೊಳೆಗೆ ಚುಚ್ಚಿಸಿಕೊಂಡು ಮೂಕವಾಗಿ ನೇತಾಡುವುದು ತಮ್ಮಂಥ ಮನೆತನಸ್ಥರಿಗೆ ಭೂಷಣವೇ?

ಇನ್ನೂ ಕೇಳಿ. ಅನೌನ್ಸ್, ಪ್ರೊನೌನ್ಸ್, ಡಿನೌನ್ಸ್ ಎಂಬ ಮೂವರು ತಮ್ಮ ಒಡಹುಟ್ಟಿದವರೆಂದು ಮೇಡಂ ಹೇಳಿದರು. ಒಬ್ಬ ಸಾರುತ್ತಾನೆ, ಒಬ್ಬ ಉಚ್ಚರಿಸುತ್ತಾನೆ, ಒಬ್ಬ ಬೈಯುತ್ತಾನೆ. ಎಷ್ಟೋ ಶತಮಾನಗಳಿಂದ ಒಂದೇ ಮನೆಹೆಸರು ಇಟ್ಟುಕೊಂಡು ಕೂಡಿ ಬಾಳುತ್ತಿದ್ದೀರಿ. ಲೋಕದ ಅಣ್ಣತಮ್ಮಂದಿರನ್ನೆಲ್ಲ ಬೇರೆ ಮಾಡುವ ತಾವು ಸ್ವಂತ ಒಡಹುಟ್ಟಿದವರನ್ನು ಮಾತ್ರ ಬಿಡದ ಈ ಜಾಣತನಕ್ಕೆ ನಾನು ತಲೆದೂಗುತ್ತೇನೆ.

ಇಸ್ಪೀಟಿನ ಮೇಜಿನಲ್ಲೂ ತಮಗೊಂದು ಸಣ್ಣ ಉದ್ಯೋಗವಿದೆಯಂತೆ. ಕಳಾವರ್ ಬಿದ್ದಾಗ ಕೈಯಲ್ಲಿ ಕಳಾವರ್ ಇಲ್ಲದವನು ಆಟೀನಿನಂಥ ಬೇರೆ ಜಾತಿಯ ಎಲೆ ಇಳಿಸುತ್ತಾನಲ್ಲ, ಅದಕ್ಕೂ ಇಂಗ್ಲಿಷಿನವರು ತಮ್ಮ ಹೆಸರೇ ಹೇಳುತ್ತಾರಂತೆ. ಎಷ್ಟು ನ್ಯಾಯವಾದ ಕೆಲಸ! ಕೈಯಲ್ಲಿ ಎಲೆ ಇಲ್ಲದವನು ಮಾತ್ರ ಮಾಡಬಹುದು, ಇಟ್ಟುಕೊಂಡು ಇಲ್ಲವೆನ್ನುವವನನ್ನು ಮೇಜಿನಿಂದ ಎಬ್ಬಿಸುತ್ತಾರೆ. ನನ್ನ ಅಣ್ಣನ ಕೈಯಲ್ಲಿ ಎಲೆ ಇದೆಯೋ ಇಲ್ಲವೋ ಎಂಬುದನ್ನು ಅತ್ತಿಗೆಯ ಬಾಯಿಂದಲೇ ಕೇಳಿ. ಮೊನ್ನೆ ಮಾರುಕಟ್ಟೆಯಲ್ಲಿ ಸಿಕ್ಕವರು ಚೀಲ ಕೆಳಗಿಟ್ಟು ಹೇಳಿದರು: "ನೋಡಪ್ಪಾ, ನಿಮ್ಮಣ್ಣ ಮೊದಲು ಕನ್ನಡದಲ್ಲೇ ಬರೆಯೋಕೆ ಕೂತ್ರು. ಮೂರು ಹಾಳೆ ಹರಿದ್ರು. ಯಾಕ್ರೀ ಅಂದ್ರೆ, ಬೈಯೋಣ ಅಂತ ಶುರು ಮಾಡಿದ್ರೆ 'ಊಟ ಹೊತ್ತಿಗೆ ಸರಿಯಾಗಿ ಮಾಡು' ಅಂತ ಮುಗೀತದೆ ಕಣೇ, ಇಂಗ್ಲಿಷಲ್ಲಾದ್ರೆ ಆ ತಾಪತ್ರಯ ಇಲ್ಲ ಅಂದ್ರು!" ಹೀಗೆ, ತಮಗೆ ಕೆಲಸ ಸಿಕ್ಕಿದ್ದು ಯೋಗ್ಯತೆಯಿಂದಲ್ಲ, ತಮಗೆ ನಮ್ಮ ಮನೆಯ ಪರಿಚಯವಿಲ್ಲವೆಂಬ ಒಂದೇ ಕಾರಣದಿಂದ.

ಅತ್ತಿಗೆ ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು. ಸಂಬಂಧ ಬಿಟ್ಟದ್ದನ್ನು ಊರಿಗೆಲ್ಲ ತಿಳಿಸಬೇಕೆಂದು ಅಣ್ಣನ ಹಟವಂತೆ, ಆದರೆ ಅವನ ಧ್ವನಿ ಎದುರುಮನೆಗೂ ಮುಟ್ಟದು. "ಸಾರೋದು ಯಾವತ್ತೂ ಅವನದೇ ಕೆಲಸ, ಅವನೇ ಸಾರ್ಲಿ ಅಂತಿದ್ದಾರೆ ಕಣಪ್ಪ," ಎಂದು ಅವರು ಸೆರಗಿನಲ್ಲಿ ನಗು ಒರೆಸಿಕೊಂಡರು. ನನ್ನನ್ನು ಬಿಟ್ಟ ಸುದ್ದಿಯನ್ನು ನಾನೇ ಸಾರಬೇಕು! ಆಗಲಿ, ಹಿರಿಯರ ಅಪ್ಪಣೆ ಮೀರಿದವನು ನಾನಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಸ್ವಲ್ಪವೇ. ತಾವು ಆ ಕಾಗದದಿಂದ ಸದ್ದಿಲ್ಲದೆ ಇಳಿದು, ಬಂದ ದಾರಿಯಲ್ಲೇ ಫ್ರೆಂಚರ ಮನೆ ಹಾದು ಲ್ಯಾಟಿನ್ನಿಗೆ ಮರಳಿ, ತಮ್ಮ ಹಳೆಯ ದೂತನ ಕೆಲಸಕ್ಕೆ ಅರ್ಜಿ ಹಾಕಬೇಕು. ಅದಾಗದಿದ್ದರೆ ಇಸ್ಪೀಟಿನ ಮೇಜಿನಲ್ಲೇ ಖಾಯಂ ಆಗಬೇಕು. ಅದೂ ಆಗದಿದ್ದರೆ, ರಂಗದ ಪಕ್ಕಕ್ಕೆ ಖುದ್ದಾಗಿ ಬಂದು, ಪರದೆಯ ಮರೆಯಲ್ಲಿ ನಿಂತು ನನಗೆ ಮುಂದಿನ ಮಾತು ಪಿಸುಗುಡಬೇಕು. ಏಕೆಂದರೆ ಈಗೀಗ ಅಂಗಡಿಯವನು ಏನು ಬೇಕೆಂದು ಕೇಳಿದರೂ ನಾನು ಬಾಯಿ ತೆರೆದು ಪಕ್ಕಕ್ಕೆ ಕಿವಿಗೊಟ್ಟು ನಿಲ್ಲುತ್ತೇನೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇಷ್ಟಾಗಿಯೂ ತಮ್ಮ ವಿಶ್ವಾಸಿಯಾಗಿ ಉಳಿಯಲು ಹೆಣಗುತ್ತಿರುವ,
ಮಂಡಳಿಯ ಮಾಜಿ ರಾಜ

ಮರೆತ ಮಾತು: ನಾಳೆ ಬೆಳಿಗ್ಗೆ ನಾನು ಅಣ್ಣನ ಕಿಟಕಿಯ ಕೆಳಗೆ, ನಡುಬೀದಿಯಲ್ಲಿ, ಕಿರೀಟ ಧರಿಸಿ ನಿಲ್ಲುತ್ತೇನೆ. ಮಹಾಜನಗಳೆಲ್ಲ ದಯಮಾಡಿಸಬೇಕು. ಅಣ್ಣ ನನ್ನನ್ನು ಬಿಟ್ಟಿದ್ದಾನೆಂದು ಮೂರು ಬೀದಿಗೆ ಕೇಳುವಂತೆ ಸಾರಲು ನಾನು ಸಿದ್ಧ. ಆದರೆ ಬಾಯಿಪಾಠ ನನಗೆ ಬಾರದು. ಆ ಮಾತನ್ನು ಅವನೇ ಕಿಟಕಿಗೆ ಬಂದು, ಒಂದೊಂದೇ ಸಾಲಾಗಿ, ಕನ್ನಡದಲ್ಲಿ ನನಗೆ ಪಿಸುಗುಡಬೇಕು. ಅವನ ಬಾಯಿಂದ ಏನು ಬರುತ್ತದೋ, ಅದನ್ನೇ ಒಂದಕ್ಷರ ಬಿಡದೆ ಗುಡುಗುತ್ತೇನೆ. ತಾವೂ ಬಂದು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಊಟದ ವಿಷಯ ಬಂದರೆ ಮಾತ್ರ ತಾವು ದಯವಿಟ್ಟು ಎದ್ದು ಹೋಗತಕ್ಕದ್ದು.