ಮೊದಲ ಪಂಕ್ತಿಯವರು

ನಮ್ಮ ಮನೆಯಲ್ಲಿ ಬಾಲ ಇದ್ದವರಿಗೆ ಊಟದ ಮೊದಲ ಪಂಕ್ತಿ, ಬಾಲ ಇಲ್ಲದವರಿಗೆ ಎರಡನೆಯದು! ಉತ್ಪ್ರೇಕ್ಷೆ ಅನ್ನಬೇಡಿ. ನಾನು ದಿನಚರಿ ಬರೆಯುವವಳು. ವಾರ, ವೇಳೆ, ಎಣಿಕೆ ಇಲ್ಲದೆ ಒಂದು ಸಾಲೂ ಬರೆಯುವವಳಲ್ಲ. ಹೋದ ವರ್ಷದ ಫೆಬ್ರವರಿ ತಿಂಗಳೊಂದರಲ್ಲೇ ನಮ್ಮಪ್ಪ ಇಪ್ಪತ್ತೆರಡು ದಿನ, ನಾಯಿಗಳ ಊಟ ಮುಗಿಯಲಿ ಎಂದು ತಟ್ಟೆ ಹಿಡಿದು ಕಾದಿದ್ದಾರೆ. ಉಳಿದ ಆರು ದಿನ? ಹೋಟೆಲಿಗೆ ಹೋಗಿದ್ದಾರೆ!

ಈ ವ್ಯವಸ್ಥೆಯನ್ನು ಜಾರಿಗೆ ತಂದವರು ನಮ್ಮ ಸೋದರತ್ತೆ, ಅಪ್ಪನ ಅಕ್ಕ. ಹುಟ್ಟಿದ್ದು ದಾವಣಗೆರೆ ಕಡೆ, ಕೊಟ್ಟದ್ದು ಧಾರವಾಡದ ಕಡೆ. ಮಾವ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ರೊಟ್ಟಿ ಹಂಚು ಹಿಡಿದು ರಾಜಾಜಿನಗರದ ನಮ್ಮ ಮನೆಗೆ ಬಂದಿಳಿದರು. ನಾಡು ಒಂದಾಗುವುದಕ್ಕೆ ಮೊದಲೇ ನಮ್ಮ ಅಡುಗೆಮನೆಯಲ್ಲಿ ರಾಗಿಮುದ್ದೆಯೂ ಜೋಳದ ರೊಟ್ಟಿಯೂ ಒಂದಾಗಿದ್ದವು.

ನಮ್ಮ ಬಡಾವಣೆಯೋ, ಊರೂ ಅಲ್ಲ, ಹೊಲವೂ ಅಲ್ಲ. ಸೈಟುಗಳಿಗೆ ಕಲ್ಲು ನೆಟ್ಟಿದ್ದಾರೆ, ಕಲ್ಲುಗಳ ನಡುವೆ ಯಾರೋ ಅವರೆ ಬಿತ್ತಿದ್ದಾರೆ. ಕಾರ್ಖಾನೆ ಕೆಲಸಕ್ಕೆ ಬಂದವರು ಬಾಡಿಗೆಗೆ ಬರುತ್ತಾರೆ, ಬದಲಿಯಾದರೆ ಹೋಗುತ್ತಾರೆ. ಹೋಗುವಾಗ ಮಂಚ, ಒರಳು, ಹೂವಿನ ಕುಂಡ ಎಲ್ಲ ಗಾಡಿಗೆ ಏರುತ್ತವೆ. ನಾಯಿ ಮಾತ್ರ ಗೇಟಿನ ಬಳಿ ಉಳಿಯುತ್ತದೆ.

ಅಂಥ ಮೊದಲ ನಾಯಿ ಅತ್ತೆಯ ಹಿಂದೆ ಬೀದಿ ನಲ್ಲಿಯಿಂದ ಬಂತು. ಅಪ್ಪ, "ಇದೊಂದೇ ಅಕ್ಕಾ, ಇನ್ನೊಂದು ಬೇಡ" ಎಂದು ಒಪ್ಪಿಕೊಂಡರು. ಹದಿನೇಳನೆಯ ದಿನಕ್ಕೆ ಅಂಗಳದಲ್ಲಿ ಮೂರಾದವು.

"ಅಕ್ಕಾ, ಒಂದೇ ನಾಯಿ ಅಂತ ಮಾತಾಗಿತ್ತಲ್ಲ?"

"ಹೌದೋ ತಮ್ಮಾ. ಇದು ಒಂದು. ಅದು ಒಂದು. ಅಕೀನೂ ಒಬ್ಬಾಕೀನ. ಎರಡು ಎಲ್ಲಿ ಅದಾವೋ?"

ಅಪ್ಪ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ಗುಮಾಸ್ತರು. ಆದರೂ ಈ ಲೆಕ್ಕವನ್ನು ಪಾಸು ಮಾಡಿ ಹೊರಟರು!

ನಾಯಿಗೆ ಅನ್ನ ಹಾಕುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ನಮ್ಮತ್ತೆ ಹಾಕುವವರಲ್ಲ, ಬಡಿಸುವವರು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿದು, ಸರಿಯಾಗಿ ಒಂಬತ್ತಕ್ಕೆ ಕಾಂಪೌಂಡಿನ ಒಳಗೆ ಸಾಲಾಗಿ ಮುತ್ತುಗದ ಎಲೆ ಹಾಕುತ್ತಾರೆ. ಒಂದೊಂದು ಎಲೆಯ ಮುಂದೆ ಒಂದೊಂದು ನಾಯಿ. ಎಲ್ಲರ ಎಲೆಗೂ ಬೀಳುವ ತನಕ ಯಾರೂ ಬಾಯಿ ಹಾಕಕೂಡದು. ಪಕ್ಕದವರ ಎಲೆಯತ್ತ ಮೂಗು ಚಾಚಕೂಡದು. ಕೊನೆಯವರ ಊಟ ಮುಗಿದು ಅತ್ತೆ "ಏಳ್ರಪಾ" ಅನ್ನುವ ತನಕ ಯಾರೂ ಏಳಕೂಡದು. ಕೈಯಲ್ಲಿ ಸೌಟು ಹಿಡಿದು, ಒಮ್ಮೆಯೂ ಹೊಡೆಯದೆ, ಇಪ್ಪತ್ತಾರು ದಿನಗಳಲ್ಲಿ ಇಷ್ಟನ್ನೂ ಕಲಿಸಿದರು. ನನಗೆ ಇದೇ ಶಿಸ್ತು ಕಲಿಸಲು ಅಮ್ಮನಿಗೆ ಆರು ವರ್ಷ ಹಿಡಿಯಿತಂತೆ!

ಪಂಕ್ತಿ ಎಂದ ಮೇಲೆ ಹಾಜರಿ ಬೇಡವೇ? ನಾನು ಒಂದು ಪುಸ್ತಕ ಇಟ್ಟೆ. ಹೆಸರು, ಬಣ್ಣ, ಗುರುತಿನ ಮಚ್ಚೆ, ಬಂದ ದಿನ. ಹೆಸರಿಡುವ ಹಕ್ಕು ಅತ್ತೆಯದು: ಸಾಹುಕಾರ, ಮಾಸ್ತರ, ಗೌಡಶಾನಿ, ಹೀಗೆ. ನನ್ನದು ಒಂದೇ ಒಂದು ನಿಯಮ. ಸತತ ಮೂರು ದಿನ ಹಾಜರಾಗದ ನಾಯಿಯ ಹೆಸರು ಪುಸ್ತಕಕ್ಕೆ ಏರುವುದಿಲ್ಲ. ಒಂದು ಹೊತ್ತು ಉಂಡು ಮಾಯವಾಗುವವರನ್ನೆಲ್ಲ ಬರೆಯುತ್ತ ಕೂತರೆ ಪುಸ್ತಕದ ಗತಿಯೇನು?

ಒಂದು ಭಾನುವಾರ ಅಪ್ಪನ ಮೇಲಧಿಕಾರಿ ಮುನ್ಸೂಚನೆ ಕೊಡದೆ ಬಂದುಬಿಟ್ಟರು. ಅಪ್ಪ ಗಾಬರಿಯಿಂದ ಕುರ್ಚಿ ಒರೆಸಿದರು. ಅತ್ತೆ ಅಂಗಳದಿಂದ ಇಣುಕಿ, "ಕುಂದರ್ರಿ ಸಾಹೇಬ್ರ, ಉಂಡಽ ಹೋಗಬೇಕು. ಮೊದಲನೇ ಪಂಕ್ತಿ ನಡದೈತಿ, ನಿಮ್ಮದು ಎರಡನೇದು" ಎಂದರು.

"ಓಹೋ, ಮನೇಲಿ ಏನೋ ವಿಶೇಷ! ಮೊದಲ ಪಂಕ್ತೀಲಿ ಯಾರು ಕೂತಿದಾರೆ?" ಎಂದರು ಸಾಹೇಬರು.

"ನಮ್ಮ ಅಕ್ಕನ ಕಡೆಯವರು ಸಾರ್" ಎಂದರು ಅಪ್ಪ.

ಅಷ್ಟರಲ್ಲಿ ಮಾಸ್ತರ ಜೋರಾಗಿ ಬೊಗಳಿದ. ಸಾಹೇಬರು ಅಪ್ಪನ ಮುಖ ನೋಡಿದರು. "ಸ್ವಲ್ಪ ಮುಂಗೋಪ ಸಾರ್" ಎಂದರು ಅಪ್ಪ!

ಹೀಗೆ ಪುಸ್ತಕದಲ್ಲಿ ಎಂಟು ಹೆಸರಾಗಿದ್ದಾಗ, ಮಾರ್ಚ್ ತಿಂಗಳ ಮೊದಲ ಸೋಮವಾರ, ಒಂಬತ್ತನೆಯವಳು ಬಂದಳು. ಎದುರು ಸಾಲಿನ ಮನೆಯವರು ಶನಿವಾರವೇ ಖಾಲಿ ಮಾಡಿ ಹೋಗಿದ್ದರು. ಹೋಗುವಾಗ ಗೇಟಿಗೆ ಕಟ್ಟಿದ್ದ ಹಗ್ಗವನ್ನೂ ಬಿಚ್ಚಿರಲಿಲ್ಲ. ಅತ್ತೆಯೇ ಬಿಚ್ಚಿ ಕರೆತಂದರು. ಮುದುಕಿ, ಬಿಳಿ ಬಣ್ಣ, ಎಡಗಿವಿ ಹರಿದಿದೆ. ಎಲೆಯ ಮುಂದೆ ಗಂಭೀರವಾಗಿ ಕೂತಳು. ಉಣ್ಣಲಿಲ್ಲ. ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಇಟ್ಟರು. ಊಹೂಂ. ಎದುರು ಮನೆಯ ಗೇಟನ್ನೇ ನೋಡುತ್ತ ಕೂತಿದ್ದಳು.

ಕೊನೆಯವರು ಉಣ್ಣದೆ ಪಂಕ್ತಿ ಏಳುವಂತಿಲ್ಲವಲ್ಲ! ಅತ್ತೆ ಸೋತು ಆ ಎಲೆ ಎತ್ತಿದಾಗ ಹನ್ನೊಂದು ಹತ್ತು. ಅಪ್ಪ ಬರೀ ಹೊಟ್ಟೆಯಲ್ಲಿ, ಅದೂ ತಡವಾಗಿ ಕಚೇರಿಗೆ ಓಡಿದರು. ಮಂಗಳವಾರ ಅವರು ಎಲೆ ಹಾಕುವ ಮೊದಲೇ ನಡೆದುಕೊಂಡು ಹೋಟೆಲಿನ ಹಾದಿ ಹಿಡಿದರು.

ಆ ಮಂಗಳವಾರವೇ, ಒಂಬತ್ತು ಇಪ್ಪತ್ತಕ್ಕೆ, ನಾಯಿ ಹಿಡಿಯುವ ಗಾಡಿ ಬಂತು!

ಕೊರಳಲ್ಲಿ ಲೈಸೆನ್ಸಿನ ಹಿತ್ತಾಳೆ ಬಿಲ್ಲೆ ಇಲ್ಲದ ನಾಯಿಯನ್ನು ಒಯ್ಯುವ ಗಾಡಿ ಅದು. ಒಳಗೆ ಹೋದದ್ದು ವಾಪಸು ಬರುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು. ಗಾಲಿಯ ಸದ್ದು ಕೇಳಿದ್ದೇ ತಡ, ಬೇರೆ ನಾಯಿಗಳು ಖಾಲಿ ಸೈಟುಗಳ ಆಚೆ ಹಾರಿ ಮಾಯವಾದವು. ನಮ್ಮವು? ಕೂತೇ ಇದ್ದವು! ಅತ್ತೆ ಏಳಿ ಅಂದಿರಲಿಲ್ಲವಲ್ಲ!

"ಅತ್ತೆ, ಏಳಿ ಅನ್ನಿ, ಓಡಿಹೋಗ್ಲಿ!" ಎಂದು ಪಿಸುಗುಟ್ಟಿದೆ.

"ಗೇಟಿನಾಗ ಅಂವ ನಿಂತಾನ. ಎಲ್ಲಿಗೆ ಓಡತಾವ?"

ಹಗ್ಗ ಹಿಡಿದು ಗೇಟಿನಲ್ಲಿ ನಿಂತವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಏನಮ್ಮಾ ಇದು! ಹದಿನೈದು ವರ್ಷದಿಂದ ನಾಯಿ ಹಿಡೀತಾ ಇವ್ನಿ, ಸಾಲಾಗಿ ಕೂತ್ಕೊಂಡು ಕಾಯೋ ನಾಯಿ ನೋಡೇ ಇಲ್ಲ! ಬಿಲ್ಲೆ ಎಲ್ಲಿ?"

"ಉಣ್ಣಾಕತ್ತಾವ, ಕಾಣಂಗಿಲ್ಲೇನು?"

"ಕಾಣ್ತದೆ. ಆದ್ರೆ ರೂಲ್ಸು..."

"ಎಲಿ ಮುಂದ ಕುಂತವರನ್ನ ಎಬ್ಬಸು ಅಂತ ಐತೇನಪಾ ನಿಮ್ಮ ರೂಲ್ಸಿನಾಗ?"

ಆತ ಕುರುಬರಹಳ್ಳಿಯವನಂತೆ. ತಲೆ ಕೆರೆದುಕೊಂಡ. "ಅಂಗೇನಿಲ್ಲ ಬಿಡಿ. ಉಣ್ಣೋರ್ನ ಎಬ್ಬಿಸ್ದೆ ಅಂದ್ರೆ ನಮ್ಮವ್ವ ನನ್ನ ಮನೆಗೇ ಸೇರ್ಸಕಿಲ್ಲ. ಊಟ ಮುಗೀಲಿ, ಆಮೇಲೆ ಹಿಡೀತೀನಿ" ಎಂದು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತೇಬಿಟ್ಟ.

ಅತ್ತೆ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಒಳಗೆ ಬಂದು ನನ್ನ ರಟ್ಟೆ ಹಿಡಿದರು. "ನಿನ್ನ ಪುಸ್ತಕ, ಈ ರೊಕ್ಕ ತಗೊಂಡು ಓಡು. ಬಿಲ್ಲೆ ತಾ!"

ಅಪ್ಪನ ಸೈಕಲ್ಲು ಹತ್ತಿ ನನಗೆ ಅಭ್ಯಾಸವಿಲ್ಲ. ಲಂಗ ಎತ್ತಿ ಕಟ್ಟಿ, ಬಾರಿನ ಕೆಳಗೆ ಕಾಲು ತೂರಿಸಿ, ಓರೆಯಾಗಿ ತುಳಿಯುತ್ತ ಹೊರಟೆ. ಎರಡು ಸಲ ಬಿದ್ದೆ, ಒಂದು ಸಲ ಎತ್ತಿನಗಾಡಿಯ ಹುಲ್ಲಿಗೆ ಹೊಕ್ಕೆ! ಲೈಸೆನ್ಸು ಕೊಡುವ ಕಚೇರಿಯ ಬಾಗಿಲು ತೆರೆಯುವುದಕ್ಕೂ ನಾನು ಮೆಟ್ಟಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಅಲ್ಲಿನ ಗುಮಾಸ್ತರು ನನ್ನ ಪುಸ್ತಕ ತಿರುವಿ ಕನ್ನಡಕ ಏರಿಸಿದರು.

"ನಾಯಿಗೂ ಗುರುತಿನ ಮಚ್ಚೆ ಬರ್ದಿದೀಯಲ್ಲಮ್ಮಾ! ಮನುಷ್ಯರೇ ಇಷ್ಟು ವಿವರ ತರೋದಿಲ್ಲ. ನಮ್ಮ ರಿಜಿಸ್ಟರೂ ಹೀಗಿಲ್ಲ!"

ಎಂಥ ಹೆಮ್ಮೆ ನನಗೆ! ಎಂಟು ಹೆಸರಿಗೆ ಎಂಟು ಬಿಲ್ಲೆ ಬಂದವು. ಮತ್ತೆ ಸೈಕಲ್ಲು, ಮತ್ತೆ ಒಂದು ಬಾರಿ ಬಿದ್ದದ್ದು. ಮನೆ ಮುಟ್ಟಿದಾಗ ಹನ್ನೊಂದೂವರೆ. ಪಂಕ್ತಿ ಇನ್ನೂ ಎದ್ದಿರಲಿಲ್ಲ!

"ಅಮ್ಮಾ, ಎಂಟು ನಾಯಿ ಎಲೆ ನೆಕ್ಕಿ ಎರಡು ಗಂಟೆ ಆಯ್ತಲ್ಲ!" ನಾಲ್ಕನೆಯ ಲೋಟ ಮಜ್ಜಿಗೆ ಹಿಡಿದು ಗಾಡಿಯವನು ಗೋಗರೆಯುತ್ತಿದ್ದ.

"ಒಬ್ಬಾಕಿ ಇನ್ನೂ ಮುಟ್ಟಿಲ್ಲ. ಪಂಕ್ತಿ ಹೆಂಗ ಏಳತೈತಿ?"

ನಾನೂ ಅತ್ತೆಯೂ ಒಂದು ತುದಿಯಿಂದ ಬಿಲ್ಲೆ ಕಟ್ಟುತ್ತ ಬಂದೆವು. ಸಾಹುಕಾರ, ಮಾಸ್ತರ, ಗೌಡಶಾನಿ... ಎಂಟು ಕೊರಳು ಮುಗಿದವು. ಒಂಬತ್ತನೆಯ ಕೊರಳಿನ ಮುಂದೆ ಅತ್ತೆ ಕೈ ಚಾಚಿದರು. ನನ್ನ ಕೈ ಖಾಲಿಯಾಗಿತ್ತು.

"ಅತ್ತೆ... ಇವಳಿಗೆ ಇವತ್ತು ಎರಡನೇ ದಿನ. ನಾಳೆಗೆ ಮೂರಾಗ್ತಿತ್ತು. ಪುಸ್ತಕದಲ್ಲಿ..."

ಉಣ್ಣದೆ ಕೂತು ಎಂಟನ್ನೂ ಉಳಿಸಿದವಳು ಅವಳು. ಅವಳೊಬ್ಬಳನ್ನೇ ನನ್ನ ನಿಯಮ ಹೊರಗೆ ಬಿಟ್ಟಿತ್ತು. ಆ ಪುಸ್ತಕವನ್ನು ಒಲೆಗೆ ಹಾಕೋಣ ಅನ್ನಿಸಿತು. ಅತ್ತೆ ನನ್ನನ್ನು ಬೈಯಲಿಲ್ಲ. ಮುದುಕಿಯ ಬೆನ್ನ ಮೇಲೆ ಕೈಯಿಟ್ಟು ನಿಂತರು.

ಗಾಡಿಯವನು ಲೋಟ ಕೆಳಗಿಟ್ಟು, ಹಗ್ಗ ಎತ್ತಿಕೊಂಡು ಬಂದ. ಒಂದೊಂದೇ ಬಿಲ್ಲೆ ಮುಟ್ಟಿ ಎಣಿಸಿದ. ಒಂದು, ಎರಡು, ಮೂರು... ಎಂಟರ ಮುಂದೆ ನಿಂತ. ಬಿಳಿ ಮುದುಕಿಯನ್ನು ನೋಡಿದ. ಅವಳ ತುಂಬಿದ ಎಲೆಯನ್ನು ನೋಡಿದ. ಅತ್ತೆಯ ಕೈಯನ್ನು ನೋಡಿದ.

"ಎಂಟು ನಾಯಿ, ಎಂಟು ಬಿಲ್ಲೆ. ಸರಿಯಾಗೈತೆ" ಎಂದ.

ಎಣಿಕೆ ತಪ್ಪಿದರೆ ತಡೆಯಲಾರದ ಬಾಯಿ ನನ್ನದು. "ಅಲ್ಲ, ಒಂಬ..." ಎಂದೇಬಿಟ್ಟೆ!

"ಎಂಟು ಕಣಮ್ಮಾ" ಎಂದು ಗದರಿದ. "ನಂಗೂ ಎಣಿಸೋಕೆ ಬರ್ತದೆ. ನಾಳೆ ಕಚೇರಿ ಬಾಗಿಲು ತೆಗೀತಿದ್ದಂಗೆ ಹೋಗು, ತಿಳೀತಾ?"

ಗಾಡಿ ತಿರುವು ದಾಟಿದ್ದೇ ತಡ, ನಾನು ಅಂಗಳದಲ್ಲಿ ಕುಣಿದೆ! ಅತ್ತೆ "ಏಳ್ರಪಾ" ಅಂದರು. ಎಂಟೂ ಎದ್ದು, ಬಿಲ್ಲೆ ಗಲಗಲ ಅನ್ನಿಸುತ್ತ ಚದುರಿದವು. ಮುದುಕಿ ಏಳಲಿಲ್ಲ.

ಅತ್ತೆ ಒಳಗಿನಿಂದ ಇನ್ನೊಂದು ಎಲೆ, ಎರಡು ರೊಟ್ಟಿ ತಂದರು. ಅವಳ ಎಲೆಗೆ ತಾಗಿಸಿ ಹಾಕಿಕೊಂಡು, ಬರಿನೆಲದ ಮೇಲೆ ಅವಳ ಪಕ್ಕದಲ್ಲೇ ಕೂತರು. ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುವವರು ನಮ್ಮತ್ತೆ. ಇಷ್ಟು ವರ್ಷಗಳಲ್ಲಿ ಅವರು ಯಾರ ಜೊತೆಗೂ ಊಟಕ್ಕೆ ಕೂತದ್ದನ್ನು ನಾನು ಕಂಡಿರಲಿಲ್ಲ.

"ಇದೇನತ್ತೆ, ಇಲ್ಲಿ ಕೂತ್ರಿ?"

"ಒಬ್ಬಾಕೀನ ಕುಂತ್ರ ತುತ್ತು ಇಳಿಯಂಗಿಲ್ಲವಾ" ಎಂದರು ಅತ್ತೆ. "ನಿಮ್ಮ ಮಾವ ಹೋದ ಮ್ಯಾಲ ಎಷ್ಟ ದಿವಸ ಹಿಂಗ ಎಲಿ ನೋಡಕೋತ ಕುಂತೇನಿ. ನನಗ ಗೊತ್ತಿಲ್ಲೇನು?"

ರೊಟ್ಟಿ ಮುರಿದು ನಿಧಾನವಾಗಿ ಬಾಯಿಗಿಟ್ಟುಕೊಂಡರು. ಮುದುಕಿ ಎದುರು ಮನೆಯ ಗೇಟಿನಿಂದ ಮುಖ ತಿರುಗಿಸಿ ಅವರನ್ನು ನೋಡಿದಳು. ಅತ್ತೆ ಇನ್ನೊಂದು ತುತ್ತು ಉಂಡರು. ಮುದುಕಿ ತಲೆ ತಗ್ಗಿಸಿದಳು. ಎಲೆಯ ಮೇಲೆ ನಾಲಿಗೆಯ ಸದ್ದು, ಮೊದಲು ಒಂದು ಸಲ, ಆಮೇಲೆ ಬಿಡದೆ.

ನಾನು ಒಳಗೆ ಹೋಗಿ ಒಂದು ಎಲೆ ತಂದು, ಅತ್ತೆಯ ಇನ್ನೊಂದು ಪಕ್ಕದಲ್ಲಿ ಕೂತೆ.