ಗೊಂಬೆ ರುದ್ರಪ್ಪನ ಪ್ರಾಣರಕ್ಷಣ ಪರ್ವ

ಸಕಲ ಜೀವಿಗಳ ಪಕ್ಕೆಲುಬಿನ ಗುಡಿಯೊಳಗೆ ಕುಳಿತು, ಹಗಲಿರುಳೆನ್ನದೆ ತಾಳ ತಪ್ಪದೆ ಮೃದಂಗ ನುಡಿಸುವ ಹೃದಯದೇವನೇ, ಮೊದಲ ನಮಸ್ಕಾರ ನಿನಗೆ. ನೀನು ಮುನಿದು ಕೈ ನಿಲ್ಲಿಸಿದಾಗ ನಿನ್ನನ್ನು ಮರಳಿ ಒಲಿಸಿಕೊಳ್ಳುವ ವಿದ್ಯೆಯನ್ನು ಎಳೆಯ ವೈದ್ಯರು ರಬ್ಬರಿನ ಗೊಂಬೆಗಳ ಎದೆಯ ಮೇಲೆ ಕಲಿಯುತ್ತಿದ್ದ ಆ ಮಹಾಯುಗದಲ್ಲಿ, ಹುಬ್ಬಳ್ಳಿ ಸೀಮೆಯ ಒಂದು ವೈದ್ಯಕೀಯ ಕಾಲೇಜಿನ ಮೇಲ್ಮಹಡಿಯಲ್ಲಿ ಗುರುವಾರದ ಅಪರಾಹ್ನ ನಡೆದ ಘೋರ ಸಂಗ್ರಾಮವನ್ನು ಹೇಳುವೆನು, ಮನಸ್ಸಿಟ್ಟು ಕೇಳಿ.

ಆ ರಣಭೂಮಿಯ ಒಡೆಯನು ಅರಿವಳಿಕೆ ವಿಭಾಗದ ಕೊನೆಯ ವರ್ಷದ ಪಿ.ಜಿ. ವಿದ್ಯಾರ್ಥಿ; ಸ್ಟೆತಸ್ಕೋಪಾಲಂಕೃತಕಂಠನೂ ನಿದ್ರಾವಂಚಿತನೇತ್ರನೂ ಚಹಾಪಾನಧುರಂಧರನೂ ಇಂಟರ್ನ್‌ಕುಲಭಯಂಕರನೂ ಆದ ಡಾಕ್ಟರ್ ನಿಜಗುಣ ಕಟಗೇರಿ. ಅವನ ಆಜ್ಞಾಧಾರಕನು ರುದ್ರಪ್ಪ. ಗುರುವಾರಕ್ಕೊಮ್ಮೆ ಸತ್ತು, ಗುರುವಾರಕ್ಕೊಮ್ಮೆ ಬದುಕುವ, ಸೊಂಟದ ಕೆಳಗೆ ವೈರುಗಳನ್ನುಳ್ಳ ಚಿರಂಜೀವಿ ಗೊಂಬೆ. ಪಕ್ಕದ ಪುಟ್ಟ ಕೋಣೆಯಲ್ಲಿದ್ದ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿದರೆ ರುದ್ರಪ್ಪನ ಎದೆ ನಿಲ್ಲುವುದು, ಇನ್ನೊಂದನ್ನು ಒತ್ತಿದರೆ ಬಡಿಯುವುದು. ಹೀಗಾಗಿ ಯಮನೂ ನಿಜಗುಣನೇ, ಧನ್ವಂತರಿಯೂ ನಿಜಗುಣನೇ.

ಎದುರಿಗೆ ನಿಂತವರು ಇಬ್ಬರು ಇಂಟರ್ನ್‌ಗಳು, ಫಯಾಜ್ ಮತ್ತು ಇಂದುಮತಿ. ಈ ಇಂದುಮತಿಯ ಎದೆಯಲ್ಲಿ ಒಂದು ಮುಳ್ಳಿತ್ತು. ಹೋದ ವಾರ ವಾರ್ಡಿನಲ್ಲಿ ನಿಜವಾದ ಮುದುಕನೊಬ್ಬನ ಎದೆ ನಿಂತಾಗ ಅವಳ ಕೈಗಳೂ ನಿಂತುಬಿಟ್ಟಿದ್ದವು. ಸಿಸ್ಟರ್ ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ಎದೆ ಒತ್ತಿದರು. ಮುದುಕ ಉಳಿದ, ಇವಳ ಧೈರ್ಯ ಉಳಿಯಲಿಲ್ಲ. “ಇವತ್ತೂ ಕೈ ನಿಂತ್ರ ಗಂಟುಮೂಟಿ ಕಟಗೊಂಡು ಮನಿಗೆ ಹೋಗ್ತೀನಿ ನೋಡೋ” ಎಂದು ಬೆಳಿಗ್ಗೆ ಫಯಾಜನ ಮುಂದೆ ಆಡಿಬಿಟ್ಟಿದ್ದಳು.

ಆಗ ನಿಜಗುಣನು ತೋಳೇರಿಸಿ, ಮಂಚದ ಕಂಬಿ ನಡುಗುವಂತೆ ಗರ್ಜಿಸಿದನು:

“ಕೇಳ್ರಿ ಇಬ್ರೂ! ಈ ಖೋಲ್ಯಾಗ ಸಾವೂ ನಾನ, ಬದುಕೂ ನಾನ! ನನ್ನ ಕೈಯಾಗ ಸಿಕ್ಕ ಇಂಟರ್ನ್‌ಗಳು ಅಳಕೋತ ಹೋಗ್ಯಾರ, ಡಾಕ್ಟರಾಗಿ ತಿರುಗಿ ಬಂದಾರ. ಒಂದ ಮಾತು ತಲಿಯಾಗ ಇಟ್ಕೋರಿ. ಎದಿ ಒತ್ತಾಕ ಶುರು ಮಾಡಿದ ಮ್ಯಾಲ ಅದು ತಾನಾಗಿ ಬಡಿಯೂತನಕ ಕೈ ಬಿಡಂಗಿಲ್ಲ. ಹೊರಗ ಸಂಬಂಧಿಕರು ಬಾಗಲಾ ಬಡಿತಾರ, ಅಳ್ತಾರ, ಬೈತಾರ. ಕಿವಿಗೆ ಹಾಕ್ಕೋಬ್ಯಾಡ್ರಿ. ನಾನ ಬಂದು ನಿಲ್ಲಸ್ರಿ ಅಂದ್ರೂ ನಿಲ್ಲಸಬ್ಯಾಡ್ರಿ!”

“ನೀವ ಅಂದ್ರೂನೂ, ಸರ್?” ಎಂದ ಫಯಾಜ್.

“ನಾ ಯಾವ ಲೆಕ್ಕಲೇ, ಎಚ್‌ಒಡಿ ಬಂದ್ರೂ ನಿಲ್ಲಸಬ್ಯಾಡ!”

ಹೀಗೆ ನುಡಿದು ಪುಟ್ಟ ಕೋಣೆಯನ್ನು ಹೊಕ್ಕ ಆ ಮಹಾನುಭಾವನು ಗುಂಡಿಯನ್ನೊತ್ತಲು, ರುದ್ರಪ್ಪನು ಗೊರಕೆಯಂಥ ಸದ್ದು ಮಾಡಿ ಪ್ರಾಣ ಬಿಟ್ಟನು. ಇಂದುಮತಿಯ ಮುಖ ಬಿಳಿಚಿತು. ಕೈಗಳು ಗಾಳಿಯಲ್ಲೇ ತಡೆದವು. ಆಮೇಲೆ, ಕಣ್ಣು ಮುಚ್ಚಿ ಬಾವಿಗೆ ಧುಮುಕುವವಳಂತೆ, ಇಳಿದವು. ಒತ್ತತೊಡಗಿದಳು.

ಇತ್ತ ವಿಧಿಯು ಕ್ಯಾಂಟೀನಿನ ಬಾಣಲೆಯಿಂದೆದ್ದು, ಮೆಟ್ಟಿಲೇರಿ, ಮಧ್ಯಾಹ್ನದ ಊಟ ಕಾಣದ ನಿಜಗುಣನ ಮೂಗನ್ನು ಹಿಡಿಯಿತು. ಮಿರ್ಚಿ ಭಜಿ! ಒಂದು ಉಸಿರಿನಲ್ಲಿ ಹೋಗಿ ಬಂದರಾಯಿತೆಂದು ಏಪ್ರನ್ನನ್ನು ಕುರ್ಚಿಗೆ ಹಾಕಿ ಅವನು ಹಾರಿದನು. ಬೆನ್ನ ಹಿಂದೆ ಪುಟ್ಟ ಕೋಣೆಯ ಬಾಗಿಲು ತನಗೆ ತಾನೇ ಲಾಕ್ ಆಯಿತು. ಕೀಲಿ ಏಪ್ರನ್ನಿನ ಜೇಬಿನಲ್ಲಿತ್ತು. ಇನ್ನೊಂದು ಕೀಲಿಯ ಜವಾನ ರಜೆಯ ಮೇಲಿದ್ದ.

ಪೊಟ್ಟಣಹಸ್ತನಾಗಿ ಮರಳಿದ ವೀರನು ಬಾಗಿಲನ್ನು ನೂಕಿದನು, ಗುದ್ದಿದನು, ಕಡೆಗೆ ಕೈ ಮುಗಿದನು. ಗೊಂಬೆಯ ಕೋಣೆಯಲ್ಲಿ ಇಬ್ಬರೂ ಸರದಿಯ ಮೇಲೆ ಒತ್ತುತ್ತಲೇ ಇದ್ದರು, ಬೆವರು ರುದ್ರಪ್ಪನ ರಬ್ಬರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಅವರ ಬಾಗಿಲಿಗೆ ಓಡಿ ತಲೆ ತೂರಿಸಿದನು.

“ಇಂದುಮತಿ, ಸಾಕು, ನಿಲ್ಲಸು!”

ಅವಳು ತಲೆಯೆತ್ತಲಿಲ್ಲ. “ಸಂಬಂಧಿಕರು ಹೊರಗ ನಿಲ್ರಿ.”

“ಏ, ನಾನವಾ! ನಿಜಗುಣ! ಖರೇನ ಕೀಲಿ ಒಳಗ ಉಳಿದೈತಿ!”

“ಎಲ್ಲಾರೂ ಏನರೆ ಒಂದು ನೆವಾ ಹೇಳ್ತಾರ. ಪೇಶಂಟಿಗೆ ನೀವು ಏನಾಗಬೇಕ್ರಿ?”

ತಾನೇ ಕೊಟ್ಟ ವರವು ತನ್ನನ್ನೇ ಬೆನ್ನಟ್ಟಿದಾಗ ದೇವತೆಗಳೂ ತಲೆಬಾಗಲೇಬೇಕು. ನಿಜಗುಣನು ಮಿರ್ಚಿಯ ಪೊಟ್ಟಣವನ್ನು ಎದೆಗವಚಿಕೊಂಡು, “…ತಮ್ಮ ಆಗಬೇಕ್ರಿ” ಎಂದನು.

“ಹಂಗಾರ ಹೊರಗ ಕುಂದರ್ರಿ. ನಿಮ್ಮಣ್ಣನ್ನ ನಾವು ಬಿಟ್ಟುಕೊಡೂದಿಲ್ಲ. ಫಯಾಜ್, ಕೈ ಬದಲಿ!”

ಅವಳ ದನಿಯಲ್ಲಿ ನಡುಕವಿರಲಿಲ್ಲ. ಅದನ್ನು ಕೇಳಿ ನಿಜಗುಣನಿಗೆ ರೋಮಾಂಚನವೂ ನಾಚಿಕೆಯೂ ಒಟ್ಟಿಗೇ ಆದವು.

ಇನ್ನು ಉಳಿದದ್ದು ಮಹಾಸಾಹಸವೊಂದೇ. ಪುಟ್ಟ ಕೋಣೆಯ ಗೋಡೆಯಲ್ಲೊಂದು ಗಾಳಿಕಿಂಡಿ, ಅದರ ಕೆಳಗೇ ಲ್ಯಾಪ್‌ಟಾಪು. ಕಾರಿಡಾರಿನ ಸ್ಟೂಲನ್ನೇ ಐರಾವತವೆಂದು ಬಗೆದು, ಚಪ್ಪಲಿ ಕಳಚಿ ಏರಿ, ಸಲೈನ್ ಸ್ಟ್ಯಾಂಡನ್ನೇ ಶಕ್ತ್ಯಾಯುಧವೆಂದು ಎತ್ತಿ, ಅಂಗಾಲಿನಿಂದ ನೆತ್ತಿಯವರೆಗೆ ಬೆವರುತ್ತ, ಆ ಕಲಿಯು ಕಿಂಡಿಯೊಳಗಿಂದ ಲ್ಯಾಪ್‌ಟಾಪಿನ ಗುಂಡಿಗಳನ್ನು ತಿವಿದನು. ಮೊದಲ ತಿವಿತಕ್ಕೆ ರುದ್ರಪ್ಪನು ಹಸುಗೂಸಿನಂತೆ ಅತ್ತನು.

“ಏನರೆ ಆಗ್ಲಿ, ಒತ್ತೋ!” ಒಳಗಿನಿಂದ ಇಂದುಮತಿ.

ಎರಡನೆಯದಕ್ಕೆ, ಸತ್ತೇ ಮಲಗಿದ್ದ ರುದ್ರಪ್ಪನು ನಿಜಗುಣನೇ ಹಿಂದೊಮ್ಮೆ ರೆಕಾರ್ಡ್ ಮಾಡಿಟ್ಟ ದನಿಯಲ್ಲಿ, “ಡಾಕ್ಟ್ರ, ಹೊಟ್ಟಿ ಭಾಳ ಉಬ್ಬೈತ್ರಿ” ಎಂದನು.

“ಅದನ್ನ ಆಮ್ಯಾಲ ನೋಡೂಣ್ರಿ, ಅಜ್ಜಾರ!” ಎಂದ ಫಯಾಜ್, ಏದುಸಿರು ಬಿಡುತ್ತ.

ಮೂರನೆಯ ತಿವಿತಕ್ಕೆ ದಿಕ್ಕುಗಳು ಕಂಪಿಸಲಿಲ್ಲ, ಪುಷ್ಪವೃಷ್ಟಿಯೂ ಆಗಲಿಲ್ಲ. ಆದರೆ ರುದ್ರಪ್ಪನ ಎದೆಬಡಿತ ತೋರಿಸುವ ಮಾನಿಟರು ಟಿಂಗ್ ಎಂದಿತು. ಮತ್ತೆ ಟಿಂಗ್.

ಇಂದುಮತಿ ಕೈ ತೆಗೆದಳು. ಹಣೆ ಒರೆಸಿಕೊಂಡು, ಸಂಬಂಧಿಕರಿಗೆ ತಿಳಿಸುವುದೂ ಪಾಠದ ಭಾಗವೆಂದು ನೆನೆದು ಹೊರಬಂದಳು. ಸ್ಟೂಲಿನ ಮೇಲೆ, ಕಿಂಡಿಯಲ್ಲಿ ತೋಳು ಸಿಕ್ಕಿಕೊಂಡು, ಬರಿಗಾಲಲ್ಲಿ ನಿಂತಿದ್ದ ತಮ್ಮನನ್ನು ಕಂಡು ಗಂಭೀರವಾಗಿ ಹೇಳಿದಳು:

“ನಿಮ್ಮಣ್ಣ ಬದುಕ್ಯಾರ್ರಿ.”

ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಝಾಡಿಸಬೇಕೆಂದು ಬೆಳಗಿನಿಂದ ಹೊಂದಿಸಿಟ್ಟಿದ್ದ ಭಾಷಣವನ್ನು ನಿಜಗುಣನು ನುಂಗಿಕೊಂಡನು.

“ಭಾಳ ಉಪಕಾರ ಆತ್ರಿ, ಡಾಕ್ಟ್ರ” ಎಂದನು. ಆಮೇಲೆ ಸಣ್ಣ ದನಿಯಲ್ಲಿ, “ಒಂದೀಟು ಕೈ ಬಿಡಸವಾ” ಎಂದನು.

ಇಬ್ಬರೂ ಸೇರಿ ಎಳೆದು ಬಿಡಿಸಿದರು. ಅಷ್ಟರಲ್ಲಿ ಮಿರ್ಚಿ ಆರಿ ಮೆತ್ತಗಾಗಿತ್ತು.